ಗಾಳಿಯ ತೇವಾಂಶವೂ ಸ್ವಯಂಚಾಲಿತ ನಿಯಂತ್ರಣದ ಹದವೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ವೈಶಾಖದ ಬಿಸಿಲನ್ನು ನಮ್ಮ ವಿದ್ಯಾರ್ಥಿಗಳಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ಮಧ್ಯಾಹ್ನದ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ, ತುಟಿಗಳು ಒಡೆಯುತ್ತವೆ, ಒದ್ದೆ ಬಟ್ಟೆ ನೋಡನೋಡುತ್ತ ಒಣಗುತ್ತದೆ. ಇದಕ್ಕೆ ಉಷ್ಣತೆಯಂತೆಯೇ ಗಾಳಿಯ ಶುಷ್ಕತೆಯೂ ಕಾರಣ. ಒಂದು ಉಷ್ಣತೆಯಲ್ಲಿ ಗಾಳಿಯು ಧರಿಸಬಲ್ಲ ನೀರಾವಿಯ ಪೈಕಿ ನಿಜವಾಗಿ ಇರುವ ಭಾಗವನ್ನು ಶೇಕಡಾ ಲೆಕ್ಕದಲ್ಲಿ ಹೇಳಿದರೆ ಅದೇ ಸಾಪೇಕ್ಷ ಆರ್ದ್ರತೆ.

ಈ ಶುಷ್ಕತೆಯು ಹತ್ತಿಯ ಗಿರಣಿಗೆ ದೊಡ್ಡ ಶತ್ರು. ಕಲಬುರಗಿಯಲ್ಲಿ ಹಿಂದೆ ನಡೆಯುತ್ತಿದ್ದು ಈಗ ನಿಂತುಹೋಗಿರುವ ಎಂ.ಎಸ್.ಕೆ. ಮಿಲ್ ನಮ್ಮ ಭಾಗದ ಹಿರಿಯರಿಗೆಲ್ಲ ಗೊತ್ತು. ನೂಲುವ ವಿಭಾಗದಲ್ಲಿ ಸಾಮಾನ್ಯವಾಗಿ ಶೇ. 55ರಿಂದ 60ರಷ್ಟು ಆರ್ದ್ರತೆ ಬೇಕು. ಕಡಿಮೆಯಾದರೆ ಎಳೆಗಳು ಬಿರುಸಾಗಿ ಕಡಿಯುತ್ತವೆ, ಸ್ಥಿರವಿದ್ಯುತ್ತಿನಿಂದ ಕೆದರುತ್ತವೆ; ಹೆಚ್ಚಾದರೆ ಉರುಳೆಗಳಿಗೆ ಸುತ್ತಿಕೊಳ್ಳುತ್ತವೆ. ಎರಡರಲ್ಲೂ ಕಡಿದ ನೂಲನ್ನು ಕೂಡಿಸುತ್ತ ದಣಿಯುವವನು ಕಾರ್ಮಿಕ. ‘ಹವಾನಿಯಂತ್ರಣ’ ಎಂಬರ್ಥದ ಇಂಗ್ಲಿಷ್ ಮಾತನ್ನು 1906ರಲ್ಲಿ ಬಳಕೆಗೆ ತಂದ ಅಮೆರಿಕದ ಸ್ಟುವರ್ಟ್ ಕ್ರೇಮರ್ ಕೂಡ ಬಟ್ಟೆಗಿರಣಿಗಳ ಇಂಜಿನಿಯರನೇ ಆಗಿದ್ದನು.

ಪರಿಹಾರ ಸರಳವಾದುದು: ಗಾಳಿಗೆ ನೀರಿನ ತುಂತುರು ಬೆರೆಸುವುದು. 40 ಡಿಗ್ರಿ ಉಷ್ಣತೆ, ಶೇ. 20 ಆರ್ದ್ರತೆಯ ಒಂದು ಕಿಲೋಗ್ರಾಂ ಗಾಳಿಯಲ್ಲಿ ಸುಮಾರು 5 ಗ್ರಾಂ ನೀರು ಆವಿಯಾದರೆ, ಅದು ಸುಮಾರು 28 ಡಿಗ್ರಿಗೆ ತಂಪಾಗಿ, ಆರ್ದ್ರತೆ ಶೇ. 60ರ ಸಮೀಪಕ್ಕೆ ಬರುತ್ತದೆ. ಆದರೆ ಹೊರಗಿನ ಹವೆ ಗಳಿಗೆಗಳಿಗೆಗೂ ಬದಲಾಗುವಾಗ ನೀರನ್ನು ಎಷ್ಟು ಬಿಡಬೇಕು?

ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿದ ಕೋಣೆಯನ್ನು ನೆನೆಯಿರಿ. ಆರ್ದ್ರತಾಮಾಪಕವನ್ನು ನೋಡಿ ತಟ್ಟಿಗೆ ನೀರು ಹಾಕಲು ಒಬ್ಬ ಬಾಲಕನನ್ನು ನಿಲ್ಲಿಸಿದೆವೆನ್ನಿ. ಮುಳ್ಳು ಇಳಿದೊಡನೆ ಅವನು ಕೊಡವನ್ನೇ ಸುರಿಯುತ್ತಾನೆ. ತಟ್ಟಿ ನೆನೆದು, ಗಾಳಿ ಕೋಣೆಯೊಳಗೆ ಹರಡಿ, ಮುಳ್ಳು ಮೇಲೇರಲು ಕೆಲವು ನಿಮಿಷಗಳು ಬೇಕು. ಅಷ್ಟರಲ್ಲಿ ತಾಳ್ಮೆಗೆಟ್ಟು ಇನ್ನೊಂದು ಕೊಡ ಸುರಿದಿರುತ್ತಾನೆ. ಆರ್ದ್ರತೆ ಮಿತಿಮೀರುತ್ತದೆ, ಹೆದರಿ ಪೂರಾ ನಿಲ್ಲಿಸುತ್ತಾನೆ, ಮತ್ತೆ ಒಣಗುತ್ತದೆ. ಈ ತೂಗಾಟಕ್ಕೆ ಕಾರಣ ಸೋಮಾರಿತನವಲ್ಲ, ಅತಿಯಾದ ಆತುರ. ಅಳೆದುದನ್ನು ಗುರಿಯೊಡನೆ ಹೋಲಿಸಿ ತಿದ್ದುವ ಈ ಕ್ರಮಕ್ಕೆ ಹಿಮ್ಮಾಹಿತಿಯ ನಿಯಂತ್ರಣ, ಅಂದರೆ ಫೀಡ್‌ಬ್ಯಾಕ್, ಎಂದು ಹೆಸರು.

ಯಂತ್ರವು ಮೂರು ವಿಧದಲ್ಲಿ ತಿದ್ದುತ್ತದೆ. ಕೊರತೆಯ ಪ್ರಮಾಣಕ್ಕೆ ತಕ್ಕಷ್ಟು ನೀರು ಬಿಡುವುದು ಮೊದಲನೆಯದು. ಇದೊಂದರಿಂದಲೇ ಸಾಮಾನ್ಯವಾಗಿ ಸ್ವಲ್ಪ ಕೊರತೆ ಉಳಿದೇ ಉಳಿಯುತ್ತದೆ. ಉಳಿದ ಕೊರತೆಯನ್ನು ಕಾಲಕ್ರಮದಲ್ಲಿ ಕೂಡಿಸುತ್ತ ನೀಗುವುದು ಎರಡನೆಯದು. ಬದಲಾವಣೆಯ ವೇಗವನ್ನು ನೋಡಿ ಮುಂದಾಗಿಯೇ ಬಿಗಿಹಿಡಿಯುವುದು ಮೂರನೆಯದು. ಮಾಪಕದ ಚಿಕ್ಕ ಅಲುಗಾಟಕ್ಕೂ ಇದು ಬೆಚ್ಚುವುದರಿಂದ ಆರ್ದ್ರತೆಯ ವಿಷಯದಲ್ಲಿ ಇದನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ.

ಇವುಗಳ ಹದವನ್ನು ಕಂಡುಹಿಡಿಯುವ ಪ್ರಸಿದ್ಧ ಕ್ರಮವನ್ನು ಝೀಗ್ಲರ್ ಮತ್ತು ನಿಕೋಲ್ಸ್ ಎಂಬವರು 1942ರಲ್ಲಿ ಪ್ರಕಟಿಸಿದರು. ಮೊದಲನೆಯ ವಿಧವೊಂದನ್ನೇ ಉಳಿಸಿಕೊಂಡು, ಅದರ ಬಲವನ್ನು ಮೆಲ್ಲಮೆಲ್ಲನೆ ಏರಿಸಬೇಕು. ತೂಗಾಟವು ಹೆಚ್ಚದೆ ಕುಗ್ಗದೆ ಒಂದೇ ಸಮನೆ ನಡೆಯುವ ಹಂತದಲ್ಲಿ ಆ ಬಲವನ್ನೂ ಒಂದು ತೂಗಿಗೆ ಹಿಡಿಯುವ ಕಾಲವನ್ನೂ ಬರೆದುಕೊಳ್ಳಬೇಕು. ಉದಾಹರಣೆಗೆ, ಆರ್ದ್ರತೆಯ ಪ್ರತಿ ಒಂದು ಶೇಕಡಾ ಕೊರತೆಗೆ ನೀರಿನ ಕವಾಟ ಶೇ. 5ರಷ್ಟು ತೆರೆದಾಗ ಇದು ನಡೆದು, ಕಾಲ 8 ನಿಮಿಷವಾದರೆ, ಬಲವನ್ನು 0.45ರಿಂದ ಗುಣಿಸಿ 2.25ಕ್ಕೆ ಇಳಿಸಬೇಕು. ಎರಡನೆಯ ವಿಧದ ಕಾಲಾವಧಿ 8ನ್ನು 1.2ರಿಂದ ಭಾಗಿಸಿದಷ್ಟು, ಎಂದರೆ 6 ನಿಮಿಷ 40 ಸೆಕೆಂಡು. ಆಮೇಲೂ ತೂಗಾಟ ಉಳಿದರೆ ಬಲವನ್ನು ಇನ್ನಷ್ಟು ತಗ್ಗಿಸುವುದೇ ಕ್ಷೇಮ.

ಎರಡು ಎಚ್ಚರಿಕೆಗಳುಂಟು. ಮಾಪಕವು ತುಂತುರಿನ ಎದುರಿಗಿರದೆ, ಕೆಲಸ ನಡೆಯುವೆಡೆಯಲ್ಲಿರಬೇಕು. ಕವಾಟ ಪೂರ್ತಿ ತೆರೆದ ಮೇಲೂ ಕೊರತೆಯನ್ನು ಕೂಡಿಸುತ್ತಲೇ ಹೋಗದಂತೆ ಎರಡನೆಯ ವಿಧಕ್ಕೆ ತಡೆ ಹಾಕಬೇಕು. ಇಲ್ಲವಾದರೆ ಗುರಿ ಮುಟ್ಟಿದ ಮೇಲೂ ನೀರು ಹರಿಯುತ್ತಿರುತ್ತದೆ. ಬೇಸಿಗೆಯಲ್ಲಿ ನೀರಿನ ಬೆಲೆ ಬಲ್ಲ ನಮ್ಮ ನಾಡಿಗೆ ಇದು ಸಣ್ಣ ದೋಷವಲ್ಲ.

ಇದೇ ತತ್ವವು ಸಿಮೆಂಟ್ ಕಾರ್ಖಾನೆಯಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಒಣ ವಿಧಾನದ ಅನೇಕ ಕಾರ್ಖಾನೆಗಳಲ್ಲಿ ಗೂಡಿನ ಬಿಸಿ ಅನಿಲವನ್ನು ಎತ್ತರದ ಗೋಪುರದೊಳಗೆ ನೀರು ಸಿಂಪಡಿಸಿ ತಣಿಸುತ್ತಾರೆ. ಅಲ್ಲಿ ಅಳೆಯುವುದು ಉಷ್ಣತೆಯನ್ನು. ನೀರು ಕಡಿಮೆಯಾದರೆ ಅನಿಲ ತಣಿಯದು, ಹೆಚ್ಚಾದರೆ ಧೂಳು ಕೆಸರಾಗಿ ಅಂಟುತ್ತದೆ. ವಾಡಿ ಅಥವಾ ಸೇಡಂನ ಸಿಮೆಂಟ್ ಕಾರ್ಖಾನೆಯನ್ನು ನೋಡುವ ಅವಕಾಶ ದೊರೆತಾಗ ವಿದ್ಯಾರ್ಥಿಗಳು ಯಂತ್ರದ ಗಾತ್ರವನ್ನು ಕಂಡು ಬೆರಗಾಗುವುದರ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಲಿ: “ಇಲ್ಲಿ ತಿದ್ದಿದ್ದರ ಪರಿಣಾಮ ಕಾಣಲು ಎಷ್ಟು ಹೊತ್ತು ಬೇಕು?” ಅದನ್ನು ಅರಿತವನಿಗೆ ಮಾತ್ರ ಎಷ್ಟು ತಿದ್ದಬೇಕೆಂಬುದು ತಿಳಿಯುತ್ತದೆ.