ಛಾಯಾಚಿತ್ರ ತಂತ್ರಾಂಶದ ಆಯ್ಕೆ: ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಪೀಣ್ಯದ ಸಣ್ಣ ಕೈಗಾರಿಕಾ ಘಟಕವೊಂದು ತನ್ನ ಉತ್ಪನ್ನಗಳ ಕ್ಯಾಟಲಾಗಿಗೆ ಡಿಜಿಟಲ್ ಛಾಯಾಚಿತ್ರಗಳನ್ನು ತಾನೇ ಸಿದ್ಧಪಡಿಸಿಕೊಳ್ಳುವುದಾದರೆ, ಚಿತ್ರ ತಿದ್ದುವ ತಂತ್ರಾಂಶದ ಆಯ್ಕೆಯು ಲೆಕ್ಕಪತ್ರದ ಪ್ರಶ್ನೆಯೂ ಆಗುತ್ತದೆ.

1. ಅಗತ್ಯ: ಹಿನ್ನೆಲೆ ಬಿಳುಪಾಗಿಸಲು, ಅಳತೆ ಮತ್ತು ಬಣ್ಣ ಸರಿಪಡಿಸಲು ಉಚಿತವಾದ ‘ಗಿಂಪ್’ ಸಾಕಾಗುತ್ತದೆ, ಅದರ ವಾಣಿಜ್ಯ ಬಳಕೆಗೂ ಅಡ್ಡಿಯಿಲ್ಲ. ಮುದ್ರಣಾಲಯವು ಸಿಎಂವೈಕೆ ಕಡತವನ್ನೇ ಕೇಳುವುದಾದರೆ ಮೊದಲೇ ಪರೀಕ್ಷಿಸಿಕೊಳ್ಳಬೇಕು.

2. ಪರವಾನಗಿ: ಅಡೋಬಿ ಸಂಸ್ಥೆಯು 2013ರಲ್ಲಿ ಫೋಟೋಶಾಪ್‌ನ ಹೊಸ ಆವೃತ್ತಿಗಳನ್ನು ಚಂದಾ ಪದ್ಧತಿಗೆ ಒಳಪಡಿಸಿತು. ಚಂದಾ ನಿಂತರೆ ತಿದ್ದುವ ಕೆಲಸವೂ ನಿಲ್ಲುತ್ತದೆ. ಆದ್ದರಿಂದ ಕ್ಯಾಮೆರಾದ ಮೂಲ ಕಡತದೊಡನೆ ಸಿದ್ಧ ಚಿತ್ರದ ಟಿಫ್ ಪ್ರತಿಯನ್ನೂ ಕಾಪಾಡಿಕೊಳ್ಳತಕ್ಕದ್ದು.

3. ತೆರಿಗೆ: ವಾರ್ಷಿಕ ಚಂದಾ ಸಾಮಾನ್ಯವಾಗಿ ಆಯಾ ವರ್ಷದ ವೆಚ್ಚವೆನಿಸುತ್ತದೆ. ಶಾಶ್ವತ ಪರವಾನಗಿಯನ್ನು ಬಂಡವಾಳ ಸ್ವತ್ತೆಂದು ತೋರಿಸಿದರೆ ಸವಕಳಿ ಮಾತ್ರ ದೊರೆಯುತ್ತದೆ. ಗಣಕಯಂತ್ರ ಮತ್ತು ತಂತ್ರಾಂಶಗಳ ಸವಕಳಿ ದರವನ್ನು 2017ರ ಏಪ್ರಿಲ್ 1ರಿಂದ ಶೇ. 60ರಿಂದ ಶೇ. 40ಕ್ಕೆ ಇಳಿಸಲಾಯಿತು.

4. ನಕಲಿ ಪ್ರತಿ: ತಿಳಿದೂ ಬಳಸಿದವರಿಗೆ 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಕಲಮು 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸವನ್ನೂ 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುತ್ತದೆ. ವ್ಯಾಪಾರದ ಉದ್ದೇಶವಿಲ್ಲದ ಬಳಕೆಗೆ ನ್ಯಾಯಾಲಯ ತೋರಬಹುದಾದ ರಿಯಾಯಿತಿ ಕಾರ್ಖಾನೆಗೆ ಅನ್ವಯಿಸದು.

ಖರೀದಿಯ ಬೆಲೆಯೊಂದನ್ನೇ ನೋಡದೆ, ಚಂದಾ, ಸಿಬ್ಬಂದಿಯ ತರಬೇತಿ ಹಾಗೂ ಕಡತಗಳ ಸಂರಕ್ಷಣೆ ಸೇರಿ ಮೂರು ವರ್ಷಗಳ ಒಟ್ಟು ವೆಚ್ಚವನ್ನು ಹೋಲಿಸಿ ನಿರ್ಧರಿಸುವುದು ಲೇಸು.