ಪಾಟಾ ಹೆಚ್ಚಿಸಿದರೆ ಪಾಸಿಂಗ್ ಹೆಚ್ಚಾಗದು

ಮೆಣಸಿನಕಾಯಿ ಸುಗ್ಗಿ ಮುಗಿಯುವ ಹೊತ್ತಿಗೆ ಸಂಶಿಯ ಹುಡುಗನೊಬ್ಬ ನನ್ನ ಕಚೇರಿಗೆ ಬಂದ. ಕೈಯಲ್ಲಿ ವಿಮಾ ಕಂಪನಿಯ ಪತ್ರವಿತ್ತು, ಇಂಗ್ಲಿಷಿನದು. ಅದು ಬಂದು ಎರಡು ತಿಂಗಳಾಗಿದ್ದರೂ ಯಾರಿಗೂ ತೋರಿಸಿರಲಿಲ್ಲ. "ಕೋರ್ಟು, ಆಫೀಸು ಅಂದ್ರ ಎದಿ ಹೊಡ್ಕೋತೈತ್ರಿ ಸಾಹೇಬ್ರ" ಅಂದ. ಬ್ಯಾಡಗಿ ಪೇಟೆಗೆ ಚೀಲ ಹೇರಿಕೊಂಡು ಹೊರಟಿದ್ದ ಅವನ ಪಿಕಪ್ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಪಲ್ಟಿಯಾಗಿತ್ತು. ಜೀವ ಉಳಿದಿತ್ತು, ಗಾಡಿ ಉಳಿದಿರಲಿಲ್ಲ. ಕಂಪನಿ ಬಿಡಿಗಾಸೂ ಕೊಡುವುದಿಲ್ಲವೆಂದು ಬರೆದಿತ್ತು. ಕಾರಣ ಒಂದೇ ಸಾಲಿನಲ್ಲಿತ್ತು: ಹಿಂದಿನ ಪಾಟಾ (ಸ್ಪ್ರಿಂಗ್ ಪಟ್ಟಿ) ಮತ್ತು ಹೌಸಿಂಗ್ (ಆ್ಯಕ್ಸಲ್ ಕವಚ) ಬದಲಾಗಿವೆ.

ಬದಲಾಗಿದ್ದು ನಿಜ. ಗ್ಯಾರೇಜಿನ ಮಿಸ್ತ್ರಿ ಎರಡೂ ಬದಿಗೆ ಎರಡೆರಡು ಪಾಟಾ ಜಾಸ್ತಿ ಹಾಕಿದ್ದ. ಗುಜರಿಯಲ್ಲಿ ಸಿಕ್ಕ ದೊಡ್ಡ ಗಾಡಿಯ ಹೌಸಿಂಗ್ ತಂದು ಕೂರಿಸಿದ್ದ. "ಇನ್ನೊಂದು ಟನ್ ಆರಾಮ ತಡೀತೈತಿ" ಅಂದಿದ್ದ. ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲದ ದಾರಿ ಗೊತ್ತಿರುವವರು ಹೀಗೆ ಮಾಡಿಸಿದವನನ್ನು ಬೈಯಲಾರರು. ಒಂದು ಮಳೆ ಬಿದ್ದರೆ ಸಾಕು, ಎರೆಮಣ್ಣು ಗಾಲಿಗೆ ಮೆತ್ತಿ ಗಾಡಿ ಹೂತು ನಿಲ್ಲುತ್ತದೆ, ಪಾಟಾ ಲಟಕ್ಕನೆ ಮುರಿಯುತ್ತದೆ. ಗಟ್ಟಿ ಮಾಡಿಸಬೇಕೆಂಬ ಆಸೆ ಸಹಜ. ನನ್ನ ಸಿಟ್ಟಿರುವುದು ಅದನ್ನು ಮಾಡಿಕೊಟ್ಟು ಕಾನೂನು ಮುಚ್ಚಿಟ್ಟವರ ಮೇಲೆ.

ಕಾನೂನು ಇಷ್ಟು. ನಿಮ್ಮ ಗಾಡಿ ಎಷ್ಟು ಹೊರಬಹುದು ಎಂಬುದು ಪಾಟಾ ಎಣಿಕೆಯಿಂದ ತೀರ್ಮಾನವಾಗುವುದಿಲ್ಲ, ಆರ್‌ಸಿಯಲ್ಲಿ ಬರೆದ ಒಟ್ಟು ತೂಕದಿಂದ ತೀರ್ಮಾನವಾಗುತ್ತದೆ. ನಾವು ಪಾಸಿಂಗ್ ಅನ್ನುವುದು ಅದಕ್ಕೇ. ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ನಿಮ್ಮ ಮಾಲಿನ ಲೆಕ್ಕ, ಅದರಲ್ಲಿ ಚಾಲಕನೂ ಸೇರಿದ. ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಹಾಗಾಗಿ "ಆರ್‌ಟಿಓದಾಗ ನಮ್ಮವರದಾರ, ಹೌಸಿಂಗ್ ಬದಲಿ ಬರೆಸಿ ಪಾಸಿಂಗ್ ಏರಿಸ್ತೀನಿ" ಎಂದು ಯಾವ ಏಜೆಂಟ ಹೇಳಿದರೂ ಅವನಿಗೆ ದುಡ್ಡು ಕೊಡಬೇಡಿ. ಅವನು ಹೇಳುವ ಕೆಲಸ ಕಾನೂನಿನಲ್ಲಿ ಇಲ್ಲ.

ಹಾಗಂತ ಮುರಿದ ಪಾಟಾ ಬದಲಿಸಲು ಹೆದರಬೇಕಿಲ್ಲ. ಅದೇ ಅಳತೆಯ, ಅಷ್ಟೇ ಸಂಖ್ಯೆಯ ಪಾಟಾ, ಅದೇ ಮಾದರಿಯ ಹೌಸಿಂಗ್ ಹಾಕಿಸಿದರೆ ಅದು ರಿಪೇರಿ, ಯಾರ ಅನುಮತಿಯೂ ಬೇಡ. ಗಾಡಿಯ ರಚನೆಯಲ್ಲಿ ಮೂಲ ಲಕ್ಷಣವೇ ಬದಲಾಗುವಂಥ ಮಾರ್ಪಾಡನ್ನು ಮಾತ್ರ ಕಾಯ್ದೆ ಬದಲಾವಣೆ ಎನ್ನುತ್ತದೆ. ಬಿಲ್ಲು ಮಾತ್ರ ಬಿಡಬೇಡಿ. ಚೀಟಿಯ ಮೇಲೆ "ಪಾಟಾ ಕೆಲಸ" ಎಂದು ಗೀಚಿ ಕೊಟ್ಟರೆ ಒಪ್ಪಬೇಡಿ, ಯಾವ ಬಿಡಿಭಾಗ, ಯಾವ ಮಾದರಿ, ಎಷ್ಟು ಎಂದು ಬರೆಸಿಕೊಳ್ಳಿ. ಗಾಡಿ ಇನ್ನೂ ಸಾಲದಲ್ಲಿದ್ದರೆ ಕರಾರನ್ನೂ ಓದಿಸಿ. ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಗಾಡಿ ಬದಲಿಸಬಾರದೆಂಬ ಷರತ್ತು ಅಲ್ಲಿರಬಹುದು.

ದಂಡದ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಜನರನ್ನು ಮುಳುಗಿಸುವುದು ದಂಡವಲ್ಲ. 2019ರ ತಿದ್ದುಪಡಿಯ ನಂತರ ಕಲಂ 182ಎ ಪ್ರಕಾರ ಅಕ್ರಮವಾಗಿ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಹೆಚ್ಚು ಭಾರ ಹೇರಿದರೆ ಕಲಂ 194ರಲ್ಲಿ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000, ಇಳಿಸುವ ಖರ್ಚು ಬೇರೆ. ತೂಕ ಮಾಡಿಸಲು ಒಪ್ಪದೆ ಓಡಿಸಿಕೊಂಡು ಹೋದರೆ 40,000. ಅಧಿಕಾರಿ ಅಂದಾಜಿನಲ್ಲಿ "ಎರಡು ಟನ್ ಜಾಸ್ತಿ ಐತಿ" ಅಂದರೆ ಒಪ್ಪಬೇಡಿ. ಕಾಟಾಕ್ಕೆ ಕರೆದೊಯ್ಯಿರಿ, ತೂಕದ ಚೀಟಿ ಕೊಡಿ ಎಂದು ಕೇಳಿ. ಚಲನ್ ಇಲ್ಲದೆ ಕೈಗೆ ಕೊಟ್ಟ ದುಡ್ಡು ದಂಡವಲ್ಲ, ಲಂಚ.

ಮುಳುಗಿಸುವುದು ಎಫ್‌ಸಿ (ಗಾಡಿಯ ಅರ್ಹತಾ ಪತ್ರ) ದಿನದ ಆಟ. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಏಜೆಂಟ ಏನು ಮಾಡಿಸುತ್ತಾನೆ? ಹಿಂದಿನ ದಿನ ಜಾಸ್ತಿ ಪಾಟಾ ಬಿಚ್ಚಿಸುತ್ತಾನೆ, ಗಾಡಿ ಪಾಸಾಗುತ್ತದೆ, ಮರುದಿನ ಮತ್ತೆ ಹಾಕಿಸುತ್ತಾನೆ. ಎಷ್ಟೋ ಸಲ ಬಿಚ್ಚುವುದೂ ಇಲ್ಲ. ತಪಾಸಣೆ ಮಾಡಬೇಕಾದವರು ಗಾಡಿಯ ಕೆಳಗೆ ಬಗ್ಗಿಯೂ ನೋಡುವುದಿಲ್ಲ. ಸಂಬಳ ತೆಗೆದುಕೊಂಡು ಹೀಗೆ ಸಹಿ ಹಾಕುವವರಿಗೆ ಒಂದು ಗಾಡಿ ಪಲ್ಟಿಯಾದರೆ ಏನೂ ಕಳೆಯುವುದಿಲ್ಲ. ಮಾಲೀಕನಿಗೆ ಎಲ್ಲವೂ ಕಳೆಯುತ್ತದೆ. ಅಪಘಾತದ ನಂತರ ವಿಮೆಯ ಸರ್ವೇಯರ್ ಪಾಟಾ ಎಣಿಸುತ್ತಾನೆ, ಫೋಟೋ ತೆಗೆಯುತ್ತಾನೆ. ಎಫ್‌ಸಿಯಲ್ಲಿ ಗಾಡಿ ಸರಿಯಿತ್ತು, ಈಗ ಹೀಗಿದೆ ಎಂದರೆ, ಆಮೇಲೆ ನೀವೇ ತಿಳಿದು ಬದಲಿಸಿದಿರಿ, ಮುಚ್ಚಿಟ್ಟಿರಿ ಎಂದು ಕಂಪನಿಯ ವಕೀಲರು ವಾದಿಸುತ್ತಾರೆ. ನಿಮ್ಮ ರಕ್ಷಣೆಗೆಂದು ಮಾಡಿಸಿದ ಎಫ್‌ಸಿಯೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಸಂಶಿಯ ಹುಡುಗನಿಗೆ ಆಗಿದ್ದೂ ಇದೇ.

ಇಲ್ಲಿ ಮಿಸ್ತ್ರಿಗಳೂ ಗಮನಿಸದ ಒಂದು ಸಂಗತಿಯಿದೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂದು ಹೇಳುವ ವಾಲ್ವ್ ಇರುತ್ತದೆ. ಭಾರಕ್ಕೆ ಬಾಡಿ ಎಷ್ಟು ಕುಗ್ಗಿದೆ ಎಂಬುದರ ಮೇಲೆ ಅದು ಕೆಲಸ ಮಾಡುತ್ತದೆ. ಪಾಟಾ ಜಾಸ್ತಿಯಾದರೆ ಭಾರ ಹೇರಿದರೂ ಬಾಡಿ ಕುಗ್ಗುವುದಿಲ್ಲ, ಗಾಡಿ ಖಾಲಿಯಿದೆ ಎಂಬ ಲೆಕ್ಕದಲ್ಲಿ ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ ಹೋಗುತ್ತದೆ. ಭಾರ ಹೊರುವ ಶಕ್ತಿ ಹೆಚ್ಚಿತು ಅಂದುಕೊಂಡವನ ಗಾಡಿಯಲ್ಲಿ ನಿಲ್ಲುವ ಶಕ್ತಿ ಕುಂದಿರುತ್ತದೆ.

ವಿಮೆಯ ವಾದವೂ, ಬದಲಾವಣೆಯಿಂದಲೇ ಅಪಘಾತವಾಯಿತೇ ಎಂಬ ಗಂಟಿನ ಮೇಲೆ ನಿಂತಿದೆ. ಹಾಸನದಲ್ಲಿ ವಿಮೆ ಮಾಡಿಸಿದ್ದ ಲಾರಿಯೊಂದರಲ್ಲಿ ಆರು ಜನರ ಜಾಗದಲ್ಲಿ ಒಂಬತ್ತು ಜನರಿದ್ದರು; ಹಾಗಾಗಿ ಕಂಪನಿ ಹಣ ಕೊಡಲು ನಿರಾಕರಿಸಿತ್ತು. ಹೆಚ್ಚಿನ ಜನರಿಂದ ಅಪಘಾತವಾಗಲಿಲ್ಲ, ಆದ್ದರಿಂದ ಕಂಪನಿ ಕೊಡಲೇಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಿಂತ ನಿಮ್ಮ ಗಾಡಿಗೆ ಬೇರೆಯವರು ಬಂದು ಗುದ್ದಿದ್ದರೆ ಈ ತೀರ್ಪು ನಿಮಗೆ ಬಲ. ಬದಲಿಸಿದ ಹೌಸಿಂಗೇ ಮುರಿದಿದ್ದರೆ, ಬ್ರೇಕೇ ಹಿಡಿಯದಿದ್ದರೆ ಅದನ್ನು ನೆಚ್ಚಿಕೊಳ್ಳುವುದು ಕಷ್ಟ. ಆಗಲೂ ಕೈಚೆಲ್ಲಬೇಡಿ. ಹೆಚ್ಚು ಭಾರ ಅಥವಾ ಷರತ್ತಿನ ಉಲ್ಲಂಘನೆ ಇದ್ದರೂ ಒಪ್ಪಬಹುದಾದ ಮೊತ್ತದ ಶೇಕಡಾ 75ರವರೆಗೆ ಕೊಡುವ ಪದ್ಧತಿಯಿದೆ. 2010ರಲ್ಲಿ ಸುಪ್ರೀಂ ಕೋರ್ಟು ಅದನ್ನು ಅನ್ವಯಿಸಿದೆ. ಕಂಪನಿಯ ಗುಮಾಸ್ತರು ಇದನ್ನು ನಿಮಗೆ ತಾವಾಗಿ ಹೇಳುವುದಿಲ್ಲ.

ಅಪಘಾತವಾದರೆ ಅವತ್ತೇ ಕಂಪನಿಗೂ ಠಾಣೆಗೂ ತಿಳಿಸಿ. ಸರ್ವೇಯರ್ ನೋಡುವ ಮೊದಲು ಒಂದು ನಟ್ಟನ್ನೂ ಬಿಚ್ಚಬೇಡಿ. ಜಾಸ್ತಿ ಪಾಟಾ ರಾತ್ರೋರಾತ್ರಿ ತೆಗೆಸುವ ಯೋಚನೆಯಂತೂ ಬೇಡವೇ ಬೇಡ, ಸಿಕ್ಕಿಬಿದ್ದರೆ ಉಳಿದ 75ಕ್ಕೂ ಕಲ್ಲು ಬೀಳುತ್ತದೆ. ಆರ್‌ಟಿಓ ಇನ್ಸ್‌ಪೆಕ್ಟರ್ ತಪಾಸಣೆಗೆ ಗಾಡಿ ಒಯ್ದರೆ, ವಿಧಿ ಮುಗಿಸಿ 24 ಗಂಟೆಯೊಳಗೆ ಮರಳಿಸಬೇಕೆಂದು ಕಲಂ 136 ಹೇಳುತ್ತದೆ. ಆದರೆ ಪೊಲೀಸರು ಅಪರಾಧದಲ್ಲಿ ಜಪ್ತಿ ಮಾಡಿದ್ದರೆ ಆ ಗಡುವು ನಡೆಯದು, ಮ್ಯಾಜಿಸ್ಟ್ರೇಟರ ಮುಂದೆ ಬಿಡುಗಡೆ ಅರ್ಜಿ ಹಾಕಬೇಕು. ಖಾಲಿ ಹಾಳೆಯ ಮೇಲೆ ಸಹಿ ಬೇಡ. "ಪೂರ್ತಿ ಮತ್ತು ಅಂತಿಮ ಇತ್ಯರ್ಥ" ಎಂದಿರುವ ಕಾಗದಕ್ಕೆ, ಮೊತ್ತ ಒಪ್ಪಿಗೆಯಾಗದಿದ್ದರೆ, ಸಹಿ ಬೇಡವೇ ಬೇಡ.

ಯಾರಾದರೂ ಸತ್ತಿದ್ದರೆ ಅಥವಾ ಗಾಯಗೊಂಡಿದ್ದರೆ ಸಂಗತಿ ಬೇರೆ. ದಾರಿಹೋಕನಿಗೆ ಪರಿಹಾರ ನಿರಾಕರಿಸಲು ಕಂಪನಿಗೆ ಇರುವ ಕಾರಣಗಳ ಪಟ್ಟಿ ಕಾಯ್ದೆಯಲ್ಲೇ ಇದೆ. ಪಾಟಾ ಹೆಚ್ಚಿಸಿದ್ದು ಅದರಲ್ಲಿ ಹೆಸರಿಸಿ ಬರೆದಿಲ್ಲ. ಆದರೆ ಮುಖ್ಯ ಸಂಗತಿ ಮುಚ್ಚಿಟ್ಟು ಪಾಲಿಸಿ ಪಡೆದದ್ದು ಅದರಲ್ಲಿದೆ, ಕಂಪನಿ ಬರುವುದು ಆ ಬಾಗಿಲಿನಿಂದಲೇ. ನ್ಯಾಯಮಂಡಳಿ ಪರಿಹಾರದ ಹೊಣೆ ಮಾಲೀಕನ ಮೇಲೆ ಹೊರಿಸಿದರೆ, ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಕಲಂ 174ರಲ್ಲಿ ದಾರಿಯಿದೆ. ಹೊಲಕ್ಕೇ ಕುತ್ತು ಬರುತ್ತದೆ. ಇನ್ನು ಗಾಡಿಯ ಹಿಂದೆ ಕೂಲಿಯವರನ್ನೋ ಮದುವೆ ಜನರನ್ನೋ ಬಿಟ್ಟಿ ಕೂಡಿಸಿಕೊಂಡಿದ್ದರೆ, ಅವರಿಗೆ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು ಹಿಂದೆಯೇ ಹೇಳಿದೆ. ಮಾಲಿನ ಒಡೆಯ ಅಥವಾ ಅವನ ಪ್ರತಿನಿಧಿ ಮಾತ್ರ ಇದಕ್ಕೆ ಹೊರತು.

ನಿರಾಕರಣೆ ಪತ್ರ ಬಂದರೆ ಅದನ್ನು ಟ್ರಂಕಿನಲ್ಲಿಡಬೇಡಿ. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ, ತಿಂಗಳೊಳಗೆ ಸರಿಹೋಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅಥವಾ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಿ. ಪ್ರೀಮಿಯಂ ಐದು ಲಕ್ಷದೊಳಗಿದ್ದರೆ ಅಲ್ಲಿಯೂ ಶುಲ್ಕವಿಲ್ಲ. "ಇದು ವ್ಯಾಪಾರದ ಗಾಡಿ, ನೀವು ಗ್ರಾಹಕರಲ್ಲ" ಎಂದು ಕಂಪನಿ ಹೇಳಿಯೇ ಹೇಳುತ್ತದೆ. ಹೊಟ್ಟೆಪಾಡಿಗೆ ಸ್ವಂತ ಓಡಿಸುವವನನ್ನು ಕಾಯ್ದೆಯೇ ಗ್ರಾಹಕ ಎನ್ನುತ್ತದೆ. ವಿಮೆ ಲಾಭಕ್ಕಲ್ಲ, ನಷ್ಟ ತುಂಬಿಕೊಳ್ಳಲು ಎಂದು 2023ರ ಸುಪ್ರೀಂ ಕೋರ್ಟು ತೀರ್ಪೂ ಇದೆ. ವಕೀಲರಿಗೆ ಕೊಡಲು ದುಡ್ಡಿಲ್ಲದವರು 15100ಕ್ಕೆ ಫೋನ್ ಮಾಡಿ ಉಚಿತ ಕಾನೂನು ನೆರವು ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದರಲ್ಲಿ ಆದಾಯದ ಮಿತಿಯಿಲ್ಲ.

ಸಂಶಿಯ ಹುಡುಗನ ದೂರು ಗಡುವಿನೊಳಗೆ ಸಲ್ಲಿಕೆಯಾಗಿದೆ. ಕೇಳಿರುವುದು 75ರ ಪಾಲನ್ನು ಮಾತ್ರ. ನಿಮ್ಮ ಗಾಡಿಗೆ ಜಾಸ್ತಿ ಪಾಟಾ ಇದ್ದರೆ, ಸುಗ್ಗಿಯ ಮೊದಲ ಲೋಡು ಏರುವ ಮುನ್ನ ಬಿಚ್ಚಿಸಿ, ಬಿಲ್ಲು ಬರೆಸಿ, ಆರ್‌ಸಿ ಜೊತೆಗೆ ಇಟ್ಟುಕೊಳ್ಳಿ.