ಗೋವಾದಲ್ಲಿ ಪಾಲಿಸಿ ಮಾಡಿಸಹೊರಟ ತಮ್ಮನಿಗೆ

ತಮ್ಮಾ, ನಮ್ಮ ಇಟ್ಟಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಊರು-ತಾಂಡಾಗಳಿಂದ ಗೋವಾಕ್ಕೆ ದುಡಿಯಲು ಹೋದವರಿಗೂ ವಿಮೆ ಮಾಡಿಸಬೇಕು, ಅದಕ್ಕೆ ಅಲ್ಲಿನ ಸರ್ಕಾರದ ಲೈಸೆನ್ಸ್ ಬೇಕಾದೀತೇ ಎಂದು ಕೇಳಿದೆಯಲ್ಲ, ಬೇಕಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿಮೆ ಕೇಂದ್ರ ಪಟ್ಟಿಯ 47ನೇ ವಿಷಯ. ರಾಜ್ಯಕ್ಕೊಂದು ಪರವಾನಗಿ ಪಡೆಯುವ ತಾಪತ್ರಯ ನಮ್ಮಲ್ಲಿಲ್ಲ. ತರಬೇತಿ ಮುಗಿಸಿ, ಏಜೆಂಟರ ಐಸಿ-38 ಪರೀಕ್ಷೆ ಪಾಸಾಗಿ, ಕಂಪನಿಯಿಂದ ನೇಮಕಾತಿ ಪತ್ರ ಪಡೆದರೆ ಅದು ದೇಶಕ್ಕೆಲ್ಲ ನಡೆಯುತ್ತದೆ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು.

ಗೋವಾದಲ್ಲಿ ಇನ್ನೊಂದು ಜೀವವಿಮಾ ಕಂಪನಿಯ ಏಜೆನ್ಸಿ ಕೊಡಿಸುತ್ತೇವೆ ಎಂದು ಯಾರಾದರೂ ಬಂದರೆ ಒಪ್ಪಬೇಡ. ಜೀವವಿಮೆಗೆ ಒಂದು, ಸಾಮಾನ್ಯ ವಿಮೆಗೆ ಒಂದು, ಆರೋಗ್ಯ ವಿಮೆಗೆ ಒಂದು ಕಂಪನಿ ಇಟ್ಟುಕೊಳ್ಳಬಹುದು. ಜೀವವಿಮೆಗೇ ಎರಡು ಕೂಡದು. ನಿನ್ನ ಪ್ಯಾನ್ ನಂಬರ್ ಹಾಕಿದರೆ ಎಲ್ಲವೂ ಗೊತ್ತಾಗುತ್ತದೆ.

ಕಾಗದದ ಮಾತು ಇಷ್ಟೇ. ಇನ್ನು ನಾನು ನಿಜವಾಗಿ ಹೇಳಬೇಕಾದದ್ದನ್ನು ಕೇಳು. ದೂರದ ಊರಿನವನಿಗೆ ಪಾಲಿಸಿ ಮಾಡಿಸುವುದು ಸುಲಭ. ಅವನು ತೀರಿಕೊಂಡಾಗ ಹೆಂಡತಿ-ಮಕ್ಕಳ ಕೈಗೆ ಹಣ ಮುಟ್ಟಿಸುವುದು ಕಷ್ಟ. ಆ ಹೊತ್ತಿನಲ್ಲಿ ಅವರ ಜೊತೆ ನಿಲ್ಲಬಲ್ಲೆ ಎನ್ನುವ ಕಡೆಗೆ ಮಾತ್ರ ಕಾಲಿಡು.

ಸಾವು ಎಲ್ಲಿ ಆಯಿತೋ ಅಲ್ಲಿಯೇ ಅದರ ನೋಂದಣಿ. ಗೋವಾದ ವಾಸ್ಕೋದಲ್ಲಿ ಸತ್ತವನ ಮರಣ ಪ್ರಮಾಣಪತ್ರ ಇಟ್ಟಿಗಿ ಪಂಚಾಯಿತಿಯಲ್ಲಿ ಸಿಗದು. 21 ದಿನದೊಳಗೆ ಅಲ್ಲಿಯೇ ಬರೆಸಬೇಕು. ಕೆಲಸದಲ್ಲಿ ಬಿದ್ದು ಸತ್ತರೆ ಪೊಲೀಸ್ ಎಫ್‌ಐಆರ್, ಪಂಚನಾಮೆ, ಶವಪರೀಕ್ಷೆಯ ವರದಿ ಎಲ್ಲವೂ ಅಲ್ಲಿಂದಲೇ ಬರಬೇಕು. ದುಃಖದಲ್ಲಿರುವ ಮಂದಿ ಹೆಣ ತಂದು ಮಣ್ಣು ಮಾಡಿ ಕೂತುಬಿಡುತ್ತಾರೆ. ಕಾಗದಗಳ ನೆನಪಾಗುವಾಗ ಹಾದಿ ದೂರವಾಗಿರುತ್ತದೆ. ಆದ್ದರಿಂದ ಪಾಲಿಸಿ ಮಾಡಿಸುವ ದಿನವೇ ಇದನ್ನೆಲ್ಲ ಮನೆಯವರಿಗೆ ಬಿಡಿಸಿ ಹೇಳು. ಆಧಾರ್, ಪಾಸ್‌ಬುಕ್, ಪಾಲಿಸಿ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ, ನಾಮಿನಿ ಹೆಸರು ಸರಿಯಿದೆಯೇ ಎಂದು ಆಗಲೇ ನೋಡಿಬಿಡು.

ಫೋನಿನಲ್ಲಿ ವಿವರ ಕೇಳಿ ಅರ್ಜಿ ತುಂಬುವ ಆಸೆ ಬರುತ್ತದೆ. ಬೇಡ. ಮನುಷ್ಯನನ್ನು ನೋಡದೆ ಏಜೆಂಟರ ವರದಿಗೆ ಸಹಿ ಹಾಕಬೇಡ. ಎತ್ತರದಲ್ಲಿ ನಿಂತು ಸೆಂಟ್ರಿಂಗ್ ಕೆಲಸ ಮಾಡುವವನನ್ನು ಒಕ್ಕಲುತನದವನು ಎಂದು ಬರೆಯಬೇಡ. ಬಿಪಿ, ಸಕ್ಕರೆ ಕಾಯಿಲೆ, ಕುಡಿತ, ತಂಬಾಕು ಇದ್ದದ್ದನ್ನು ಇದ್ದಂತೆ ಬರೆ. ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಮೂರು ವರ್ಷ ಕಳೆದ ಮೇಲೆ ಕಂಪನಿ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಅದರೊಳಗೆ ಮುಚ್ಚಿಟ್ಟದ್ದು ಹೊರಬಿದ್ದರೆ ಕ್ಲೇಮು ಹೋದಂತೆಯೇ. ಹೆಬ್ಬೆಟ್ಟು ಒತ್ತುವವರಿಗೆ ಅವರ ಮಾತಿನಲ್ಲೇ ವಿವರಿಸು. ಲಂಬಾಣಿ ಮಂದಿಗೆ ಆ ಭಾಷೆ ಬಲ್ಲವರನ್ನು ಕರೆದುಕೊಂಡು ಹೋಗು.

ಇದಕ್ಕೆಲ್ಲ ಒಳ್ಳೆಯ ಸಮಯ ಮೈಲಾರದ ಜಾತ್ರೆ, ಕೊಟ್ಟೂರೇಶ್ವರನ ತೇರು. ಆಗ ದುಡಿಯಲು ಹೋದವರು ಊರಿಗೆ ಬರುತ್ತಾರೆ. ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮಾತಾಡು. ಪಾಲಿಸಿ ಕೈಸೇರಿದ ಮೇಲೂ ಬೇಡವೆನಿಸಿದರೆ 30 ದಿನದೊಳಗೆ ಹಿಂತಿರುಗಿಸಬಹುದೆಂದು ನೀನೇ ಹೇಳು. ಕೂಲಿ ಸಿಕ್ಕಾಗ ಮಾತ್ರ ಹಣ ಕಾಣುವವರಿಗೆ ದೊಡ್ಡ ಕಂತು ಹೊರಿಸಬೇಡ. ಎರಡನೇ ವರ್ಷಕ್ಕೆ ಲ್ಯಾಪ್ಸ್ ಆಗುವ ಪಾಲಿಸಿಯಿಂದ ಅವರಿಗೆ ನಷ್ಟ, ನಿನಗೆ ಕೆಟ್ಟ ಹೆಸರು. ಅಂಥವರಿಗೆ ಮೊದಲು ಬ್ಯಾಂಕಿನ ದಾರಿ ತೋರಿಸು: ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ, 20 ರೂಪಾಯಿಯ ಸುರಕ್ಷಾ ಬಿಮಾ. ಒಂದೊಂದಕ್ಕೂ 2 ಲಕ್ಷದ ರಕ್ಷಣೆ. ನಿನಗೆ ಕಮಿಷನ್ ಬರದಿದ್ದರೂ ಸರಿ, ಆ ಮನೆ ಉಳಿಯುತ್ತದೆ.

ಗಿರಾಕಿ ಕೈಬಿಟ್ಟು ಹೋಗುತ್ತಾನೆಂದು ಮೊದಲ ಕಂತಿನಲ್ಲಿ ನಿನ್ನ ಕಮಿಷನ್ ಬಿಟ್ಟುಕೊಡಬೇಡ. ವಿಮಾ ಕಾಯ್ದೆಯ 41ನೇ ಕಲಮು ಅದನ್ನು ನಿಷೇಧಿಸಿದೆ. ದಂಡ 10 ಲಕ್ಷದವರೆಗೂ ಹೋಗಬಹುದು. ಕಂತಿನ ನಗದು ನಿನ್ನ ಬಳಿ ಇಟ್ಟುಕೊಳ್ಳಬೇಡ. ಅವರ ಖಾತೆಯಿಂದಲೇ ಕಟ್ಟಿಸು, ರಸೀದಿ ಅವರ ಕೈಗೆ ಸೇರಲಿ. ಕ್ಲೇಮನ್ನು ಕಂಪನಿ ತಳ್ಳಿಹಾಕಿದರೆ ವಿಮಾ ಲೋಕಪಾಲರ ಬಳಿ ಶುಲ್ಕವಿಲ್ಲದೆ ದೂರು ಕೊಡಬಹುದು. ನಮ್ಮ ರಾಜ್ಯಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಆ ಅರ್ಜಿ ಬರೆದುಕೊಡುವುದೂ ನಿನ್ನ ಕೆಲಸವೇ ಎಂದು ತಿಳಿ.

ಗೋವಾಕ್ಕೆ ಹೋಗು ತಮ್ಮಾ, ಧೈರ್ಯವಾಗಿ ಹೋಗು. ಹೊಸ ಪಾಲಿಸಿಗೆ ಹೇಗೆ ಓಡಿ ಹೋಗುತ್ತೀಯೋ, ಕ್ಲೇಮಿಗೂ ಹಾಗೆಯೇ ಓಡಿ ಹೋಗು.